ಅಂಡಮಾನಿನಲ್ಲಿ ಹೊಸ ಒಕ್ಕಲು

ಉದ್ಯೋಗಕ್ಕಾಗಿ ಊರು ಬಿಟ್ಟ ನಮಗೆ ಮರಳಿ ಹೋಗಲು ಒಂದು ಊರಾದರೂ ಇದೆ. 1947ರ ದೇಶವಿಭಜನೆಯ ನಂತರ ಪೂರ್ವ ಬಂಗಾಳ ತೊರೆದು ಬಂದ ರೈತರಿಗೆ ಅದೂ ಉಳಿಯಲಿಲ್ಲ. 1949ರಿಂದ ಸರ್ಕಾರ ಅಂಥ ಹಲವು ಕುಟುಂಬಗಳನ್ನು ಕಲ್ಕತ್ತೆಯಿಂದ ಹಡಗು ಹತ್ತಿಸಿ ಅಂಡಮಾನಿನಲ್ಲಿ ನೆಲೆಗೊಳಿಸಿತು. ಮೊದಮೊದಲು ಬಂದವರಿಗೆ ಕುಟುಂಬಕ್ಕೆ ಸುಮಾರು 10 ಎಕರೆ ದೊರೆಯಿತು: ಅರ್ಧ ಗದ್ದೆಗೊದಗುವ ತಗ್ಗುನೆಲ, ಅರ್ಧ ಗುಡ್ಡ. ಮರ ಕಡಿದು, ಬೇರು ಕಿತ್ತು, ಮಳೆಯನ್ನೇ ನಂಬಿ ಭತ್ತ ಬೆಳೆದರು. ತೆಂಗು, ಅಡಿಕೆ, ಬಾಳೆ ನೆಟ್ಟರು.

ಆದರೆ ಅಂಡಮಾನಿನ ಕಾಡು ಯಾರೂ ಇಲ್ಲದ ಕಾಡಾಗಿರಲಿಲ್ಲ. ಜಾರವಾ ಜನ ತಲೆತಲಾಂತರದಿಂದ ಬೇಟೆಯಾಡಿ ಬಾಳಿದ ನೆಲ ಅಲ್ಲಿತ್ತು. ಒಕ್ಕಲು ಹಬ್ಬಿದಂತೆ ಅವರ ಕಾಡು ಕುಗ್ಗಿತು. ನೆಲೆ ತಪ್ಪಿದವರು ಹೊಸ ಬದುಕು ಕಟ್ಟಿದ ಸಾಹಸವನ್ನು ಮೆಚ್ಚೋಣ. ಆ ನೆಲ ಮೊದಲು ಯಾರದಾಗಿತ್ತೆಂಬುದನ್ನೂ ನಮ್ಮ ಮಕ್ಕಳಿಗೆ ಹೇಳೋಣ.