ಅಂಗಡಿಯ ಹೆಸರು ಮತ್ತು ಹೆಸರಿನ ಒಡೆತನ

ಮುದಗಲ್ಲಿನ ಕೋಟೆಯಿಂದ ಪಶ್ಚಿಮಕ್ಕೆ ಹೊರಟು, ಇಳಕಲ್ಲು ಹುನಗುಂದಗಳನ್ನು ದಾಟಿ ಮಲಪ್ರಭೆಯ ಸೀಮೆಯನ್ನು ಸೇರಿದರೆ ಐಹೊಳೆ ಸಿಗುತ್ತದೆ. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಮೇಗುತಿಯ ಗುಡ್ಡದ ಮೇಲೆ ಜಿನಾಲಯವನ್ನು ಕಟ್ಟಿಸಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಶಿಲೆಯಲ್ಲಿ ಬರೆಸಿದ ಊರೆಂದು ಶ್ರಾವಕ ಬಂಧುಗಳು ಅದನ್ನು ಬಲ್ಲರು. ಆದರೆ ಅದೇ ಊರಿನ ಹೆಸರನ್ನು ಹೊತ್ತು ಸಮುದ್ರದಾಚೆಗೂ ಹೋದ ವರ್ತಕ ಸಂಘದ ಸಂಗತಿ ನಮ್ಮ ಮನೆಗಳಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಇಂದು ತಾಲೂಕು ಕೇಂದ್ರಗಳ ಪೇಟೆಗಳವರೆಗೂ ಬಂದಿರುವ 'ಫ್ರಾಂಚೈಸಿ' ಎಂಬ ವ್ಯಾಪಾರ ಪದ್ಧತಿಯನ್ನು ಅರಿಯಲು ಆ ಸಂಘದ ಇತಿಹಾಸವು ಒಳ್ಳೆಯ ಒರೆಗಲ್ಲಾಗಿದೆ.

ಫ್ರಾಂಚೈಸಿಯ ಅರ್ಥ ಸರಳವಾದುದು. ಒಬ್ಬನು ಸಣ್ಣ ಅಂಗಡಿಯಿಂದ ಒಳ್ಳೆಯ ಹೆಸರನ್ನು ಸಂಪಾದಿಸುತ್ತಾನೆ. ಆ ಹೆಸರು, ಸರಕು ಮತ್ತು ಮಾರುವ ರೀತಿಗಳನ್ನು ಬಳಸಿಕೊಳ್ಳಲು ಪರಸ್ಥಳದ ಮತ್ತೊಬ್ಬನಿಗೆ ಕರಾರಿನ ಮೂಲಕ ಅನುಮತಿ ನೀಡುತ್ತಾನೆ. ಬಂಡವಾಳ, ಬಾಡಿಗೆ, ಆಳುಗಳ ಸಂಬಳ ಎರಡನೆಯವನವು. ಆರಂಭದ ಶುಲ್ಕ ಮತ್ತು ಮುಂದೆ ವಹಿವಾಟಿನಲ್ಲಿ ಒಂದು ಪಾಲು ಮೊದಲನೆಯವನಿಗೆ. ಹೀಗೆ ಸ್ವಂತ ಸಾಲವಿಲ್ಲದೆ ಒಂದು ಅಂಗಡಿ ನೂರಾಗುತ್ತದೆ.

ಐಹೊಳೆಯ 'ಅಯ್ಯಾವೊಳೆ ಐನೂರ್ವರು' ಇದಕ್ಕೆ ಸಮೀಪದ ರೀತಿಯೊಂದನ್ನು ಸಾವಿರ ವರ್ಷಗಳ ಹಿಂದೆಯೇ ನಡೆಸಿದ್ದರು. ಅವರ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿಯೂ ಸಿಂಹಳದಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ಇದೇ ಐನೂರ್ವರನ್ನು ಹೆಸರಿಸುತ್ತದೆ. ಇಷ್ಟು ದೂರ ಹೋದದ್ದು ಒಂದೇ ಮನೆತನದ ಹಣವಲ್ಲ. ಸೆಟ್ಟಿಗಳು, ಗವರೆಗಳು, ನಾನಾದೇಶಿಗಳು ತಮ್ಮ ತಮ್ಮ ಬಂಡವಾಳದಿಂದಲೇ ವ್ಯಾಪಾರ ಮಾಡುತ್ತಿದ್ದರು. ಅವರನ್ನು ಕೂಡಿಸಿದ್ದು ಒಂದು ಹೆಸರು, ವೃಷಭಧ್ವಜ, ಮತ್ತು 'ವೀರ ಬಣಂಜು ಧರ್ಮ'ವೆಂದು ಅವರೇ ಕರೆದುಕೊಂಡ ಕಟ್ಟಳೆ. ಜೈನರು, ಶೈವರು, ವೈಷ್ಣವರು ಮೂವರೂ ಅದರಲ್ಲಿದ್ದರು.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಐನೂರ್ವರ ಹೆಸರಿಗೆ ಒಬ್ಬ ಒಡೆಯನಿರಲಿಲ್ಲ. ಸರಕಿನ ಹೇರಿಗೆ ಇಷ್ಟೆಂದು ವರ್ತಕರು ತಾವೇ ವಿಧಿಸಿಕೊಂಡ ತೆರಿಗೆಯು ಹೆಸರಿನ ಯಜಮಾನನಿಗೆ ಹೋಗದೆ ದೇಗುಲಕ್ಕೋ ಬಸದಿಗೋ ಸಲ್ಲುತ್ತಿತ್ತು, ಮತ್ತು ಆ ಲೆಕ್ಕ ಎಲ್ಲರೂ ಓದುವಂತೆ ಕಲ್ಲಿನ ಮೇಲಿರುತ್ತಿತ್ತು. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿಯಾದ ನಾಗದೇವನು 1195ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯು 'ನಗರ ಜಿನಾಲಯ'ವೆನಿಸಿದ್ದು, ಅಲ್ಲಿಯ ನಕರ, ಅಂದರೆ ವರ್ತಕ ಸಮೂಹ, ಅದರ ರಕ್ಷಣೆಯ ಹೊಣೆ ಹೊತ್ತುದರಿಂದ.

ನಮ್ಮ ಕಾಲಕ್ಕೆ ಹತ್ತಿರ ಬಂದರೆ ಒಡೆಯನಿಲ್ಲದ ಹೆಸರುಗಳು ಇನ್ನೂ ಇವೆ. 'ಉಡುಪಿ ಹೋಟೆಲ್', 'ಅಯ್ಯಂಗಾರ್ ಬೇಕರಿ' ಎಂಬ ಫಲಕಗಳು ನಾಡಿನ ಎಲ್ಲ ಪೇಟೆಗಳಲ್ಲಿ ಕಾಣುತ್ತವೆ. ಅವುಗಳಿಗೆ ಕರಾರಿಲ್ಲ, ಶುಲ್ಕವಿಲ್ಲ. ಅಣ್ಣನ ಅಂಗಡಿಯಲ್ಲಿ ದುಡಿದ ತಮ್ಮ, ಭಟ್ಟರ ಬಳಿ ಕಲಿತ ಹುಡುಗ ಬೇರೆ ಊರಿಗೆ ಹೋಗಿ ಅದೇ ಹೆಸರಿನಲ್ಲಿ ಅಂಗಡಿ ತೆರೆದನು, ಅಷ್ಟೆ. ಆದರೆ ಉಡುಪಿಯನ್ನೇ ಕಾಣದವನೂ ಆ ಫಲಕವನ್ನು ತೂಗುಹಾಕಿದರೆ ತಡೆಯುವವರಿಲ್ಲ. ಮುದಗಲ್ಲಿನ ನೆರೆಯ ಇಳಕಲ್ಲಿನ ಸೀರೆಗೆ ಬೇರೊಂದು ದಾರಿ ದೊರೆಯಿತು: 1999ರ ಭೌಗೋಳಿಕ ಸೂಚನೆಗಳ ಕಾಯಿದೆಯಡಿ ನೋಂದಣಿಯಾದ ಆ ಹೆಸರು ಯಾವ ವ್ಯಕ್ತಿಗೂ ಸೇರದೆ ಆ ಸೀಮೆಯ ನೇಕಾರಿಕೆಗೆ ಸೇರಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳನ್ನು ಐದೆಂದು ಎಣಿಸುತ್ತದೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ವಸ್ತುವಿನ ಸ್ವೀಕಾರ, ರಾಜನಿಯಮದ ಉಲ್ಲಂಘನೆ, ಹೆಚ್ಚು ಕಡಿಮೆ ತೂಕ ಅಳತೆಗಳ ಜೊತೆಗೆ ಕೊನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನ ಜಾಗದಲ್ಲಿ ಅದರಂತೆ ತೋರುವ ನಕಲನ್ನು ಮಾರುವುದು. ಹೆಸರಿನ ನಕಲನ್ನೂ ಇದರಲ್ಲಿ ಸೇರಿಸುವುದು ಯುಕ್ತವೇ ಆಗಿದೆ. ಈ ದೃಷ್ಟಿಯಿಂದ ನೋಡಿದರೆ ಬರವಣಿಗೆಯ ಕರಾರು ಗ್ರಾಹಕನಿಗೂ ಒಂದು ಅಭಯ.

ಕರಾರಿನ ದಾರಿಯಲ್ಲಿ ಬೆಳೆದ ಕನ್ನಡ ನಾಡಿನವರಲ್ಲಿ ರಘುನಂದನ ಶ್ರೀನಿವಾಸ ಕಾಮತರು ಪ್ರಮುಖರು. ಮಂಗಳೂರು ಸೀಮೆಯ ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗನಾದ ಅವರು ಎಳೆಯ ಪ್ರಾಯದಲ್ಲಿಯೇ ಮುಂಬಯಿಗೆ ಹೋಗಿ ಅಣ್ಣನ ಉಪಾಹಾರಗೃಹದಲ್ಲಿ ದುಡಿದರು. 1984ರಲ್ಲಿ ಜುಹೂವಿನಲ್ಲಿ 'ನ್ಯಾಚುರಲ್ಸ್' ಎಂಬ ಪುಟ್ಟ ಅಂಗಡಿ ತೆರೆದರು. ಬರಿಯ ಐಸ್‌ಕ್ರೀಮಿಗೆ ಗಿರಾಕಿ ಬರುವರೋ ಇಲ್ಲವೋ ಎಂದು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಹೆಸರು ನಿಂತ ಮೇಲೆ ಅದನ್ನು ಕೈಬಿಟ್ಟರು. ಸೀತಾಫಲದಂಥ ಹಣ್ಣಿನ ತಿರುಳನ್ನೇ ಬಳಸಿದ್ದು ತಂದೆಯ ಅಂಗಡಿಯಲ್ಲಿ ಕಲಿತ ವಿದ್ಯೆ. ಮಳಿಗೆಗಳಲ್ಲಿ ಹೆಚ್ಚಿನವನ್ನು ಬೇರೆಯವರಿಗೆ ಒಪ್ಪಿಸಿದರೂ ಐಸ್‌ಕ್ರೀಮ್ ತಯಾರಿಕೆಯನ್ನು ಮಾತ್ರ ಮುಂಬಯಿಯಲ್ಲಿ ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. 2024ರ ಮೇ ತಿಂಗಳಿನಲ್ಲಿ ಅವರು ನಿಧನರಾದಾಗ ಮಳಿಗೆಗಳ ಸಂಖ್ಯೆ 160ನ್ನು ಮೀರಿತ್ತು. ಯಾವುದನ್ನು ಹಂಚಬೇಕು, ಯಾವುದನ್ನು ಹಂಚಬಾರದು ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ಆ ವಿವೇಕ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಮ್ಯಾಕ್‌ಡೊನಾಲ್ಡ್ ಸಹೋದರರ ಕಥೆಯಿದೆ. ಅವರ ಆಹಾರದ ವಿಚಾರ ನಮಗೆ ಬೇಡ, ವ್ಯವಹಾರವನ್ನಷ್ಟೇ ನೋಡೋಣ. 1940ರಲ್ಲಿ ಸ್ಯಾನ್ ಬರ್ನಾರ್ಡಿನೋದಲ್ಲಿ ಅಂಗಡಿ ಇಟ್ಟ ಆ ಇಬ್ಬರು ತಮ್ಮ ಪದ್ಧತಿಯನ್ನು ಹರಡುವ ಕೆಲಸವನ್ನು ರೇ ಕ್ರಾಕ್ ಎಂಬುವನಿಗೆ ಒಪ್ಪಿಸಿದರು. 1961ರಲ್ಲಿ 27 ಲಕ್ಷ ಡಾಲರಿಗೆ ಆತನೇ ಎಲ್ಲ ಹಕ್ಕುಗಳನ್ನೂ ಕೊಂಡನು. ಮೂಲ ಅಂಗಡಿ ಸಹೋದರರಲ್ಲಿಯೇ ಉಳಿಯಿತು, ಆದರೆ ಅದರ ಮೇಲೆ ತಮ್ಮ ಮನೆತನದ ಹೆಸರನ್ನೇ ಹಾಕುವಂತಿರಲಿಲ್ಲ. ಫಲಕ ಬದಲಾಯಿತು. ಕ್ರಾಕ್ ಸಮೀಪದಲ್ಲಿಯೇ ತನ್ನ ಮಳಿಗೆಯನ್ನು ತೆರೆದನು. ಕೆಲವು ವರ್ಷಗಳಲ್ಲಿ ಹಳೆಯ ಅಂಗಡಿ ಮುಚ್ಚಿತು.

ಹೆಸರು ಕೊಡುವವನಿಗಿಂತ ಪಡೆಯುವವನ ಸ್ಥಿತಿ ಸೂಕ್ಷ್ಮವಾದುದು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಶಾಸನವಿಲ್ಲ. 1872ರ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮೊದಲಾದವುಗಳೇ ಆಧಾರ. ಆದುದರಿಂದ ಕಾಗದದಲ್ಲಿ ಬರೆದದ್ದೇ ಬಹುಪಾಲು ಪ್ರಮಾಣವಾಗುತ್ತದೆ. ಯಜಮಾನನ ಪಾಲನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲೆ ಲೆಕ್ಕ ಹಾಕುತ್ತಾರೆ. ನೂರು ರೂಪಾಯಿ ವ್ಯಾಪಾರದಲ್ಲಿ ಖರ್ಚು ಕಳೆದು ಎಂಟು ಉಳಿದು, ಐದು ಹೆಸರಿಗೆ ಹೋದರೆ ಅಂಗಡಿಕಾರನಿಗೆ ಮೂರು. ಖರ್ಚು ಮೂರು ಏರಿದರೆ ಅವನಿಗೆ ಏನೂ ಇಲ್ಲ, ಹೆಸರಿನ ಐದು ಮಾತ್ರ ತಪ್ಪುವುದಿಲ್ಲ.

ಹಣದ ಲೆಕ್ಕವನ್ನು ನಮ್ಮ ಮನೆಗಳ ಯುವಕರು ಚೆನ್ನಾಗಿಯೇ ಹಾಕಬಲ್ಲರು. ಆದರೆ ಮುದಗಲ್ಲಿನಂಥ ಪಟ್ಟಣದ ಸ್ವಂತ ಕಿರಾಣಿ ಅಂಗಡಿಯಲ್ಲಿ ಶ್ರಾವಕನೊಬ್ಬನು ಮೊಟ್ಟೆ ಬೆರೆತ ಪದಾರ್ಥವನ್ನು ಮಾರುವುದಿಲ್ಲವೆಂದು ನಿಶ್ಚಯಿಸಬಹುದು, ದಶಲಕ್ಷಣ ಪರ್ವದಲ್ಲಿ ಬೇಗನೆ ಬಾಗಿಲು ಹಾಕಬಹುದು. ಕರಾರಿನ ಅಂಗಡಿಯಲ್ಲಿ ಸರಕಿನ ಪಟ್ಟಿಯೂ ಬಾಗಿಲ ವೇಳೆಯೂ ದೂರದ ಕಚೇರಿಯಲ್ಲಿ ನಿಶ್ಚಯವಾಗುತ್ತವೆ. ಬಸದಿಯ ಮಳಿಗೆಗಳನ್ನು ಇಂಥ ಅಂಗಡಿಗಳಿಗೆ ಬಾಡಿಗೆಗೆ ಕೊಡುವ ಟ್ರಸ್ಟುಗಳು ತಮ್ಮ ಬಾಡಿಗೆಪತ್ರದ ಜೊತೆಗೆ ಬಾಡಿಗೆದಾರನು ಕಂಪನಿಯೊಡನೆ ಮಾಡಿಕೊಂಡ ಕರಾರನ್ನೂ ತರಿಸಿ ಓದಬೇಕಾಗುತ್ತದೆ. ಮುಂದಿನ ವರ್ಷ ಆ ಬಾಗಿಲಲ್ಲಿ ಏನು ಮಾರಾಟವಾಗುವುದೆಂಬುದು ಬರೆದಿರುವುದು ಆ ಎರಡನೆಯ ಕಾಗದದಲ್ಲಿ.