ಕೋಟದಿಂದ ಲಕ್ಕಸಂದ್ರಕ್ಕೆ: ಮನೋವೈದ್ಯ ಕೇಳಿಸಿಕೊಂಡ ಕನ್ನಡ

ವಿಲ್ಸನ್ ಗಾರ್ಡನ್‌ನಿಂದ ಹೊಸೂರು ರಸ್ತೆ ಹಿಡಿದು ಲಕ್ಕಸಂದ್ರದ ಕಡೆ ನಡೆದರೆ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಸಿಗುತ್ತದೆ. ಹೊರರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರೇ ಬಂದವರು ಕಡಿಮೆ; ಅಣ್ಣ, ಅತ್ತೆ, ಊರಿನ ಹಿರಿಯರು ಯಾರಾದರೂ ಜತೆಗಿರುತ್ತಾರೆ. ತೋಳಿನಲ್ಲಿ ತಾಯಿತ, ಕೈಯಲ್ಲಿ ಹಳೆಯ ಔಷಧಿ ಚೀಟಿಗಳ ಕವರು. ಎರಡನ್ನೂ ಒಟ್ಟಿಗೆ ನಂಬುವ ಈ ಜನರನ್ನು ಅರ್ಥ ಮಾಡಿಕೊಳ್ಳಲು ಮನೋವೈದ್ಯಕ್ಕೆ ಬಹಳ ಕಾಲ ಹಿಡಿಯಿತು. ಆ ಕಲಿಕೆಯ ಕೆಲವು ದೊಡ್ಡ ಪಾಠಗಳು ಕನ್ನಡ ನೆಲದಲ್ಲೇ ನಡೆದವು. ನಾವು ಅದನ್ನು ಹೆಮ್ಮೆಯಿಂದ ನೆನೆಯಬೇಕಿತ್ತು, ನೆನೆದಿಲ್ಲ.

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1904ರಲ್ಲಿ ಜಾವಾಕ್ಕೆ ಹೋದದ್ದು, ಯುರೋಪಿನಲ್ಲಿ ತಾನು ಹೆಸರಿಟ್ಟ ಕಾಯಿಲೆಗಳು ಅಲ್ಲಿಯೂ ಇವೆಯೇ ಎಂದು ನೋಡಲು. ಮುಂದೆ ಬಹುಕಾಲ ಈ ಕ್ಷೇತ್ರ ಇದೇ ದಾರಿಯಲ್ಲಿ ಸಾಗಿತು: ಕಾಯಿಲೆಯ ಪಟ್ಟಿ ಅಲ್ಲಿಯದು, ರೋಗಿ ಇಲ್ಲಿಯವನು. ಇತ್ತ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ 1930ರ ದಶಕದಲ್ಲಿ ಲಕ್ಕಸಂದ್ರಕ್ಕೆ ಬಂದು, 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಎರಡೇ ವರ್ಷಕ್ಕೆ, 1976ರಲ್ಲಿ, ಒಂದು ಪುಸ್ತಕ ಹೊರಬಂತು: 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ'. ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನ ಅದು. ಬರೆದವರು ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್. ಊರಿನ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು ಎಲ್ಲರೂ ಅವರ ಲೆಕ್ಕದಲ್ಲಿದ್ದರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲಿಗೆ ಹೋಗುತ್ತಿರಲಿಲ್ಲ, ಎಲ್ಲರಲ್ಲಿಗೂ ಹೋಗುತ್ತಿದ್ದರು. ಇದನ್ನು ಮೂಢನಂಬಿಕೆ ಎಂದು ತಳ್ಳದೆ ಆರೈಕೆಯ ದಾರಿಯೆಂದು ದಾಖಲಿಸಿದ್ದೇ ಆ ಕಾಲಕ್ಕೆ ದೊಡ್ಡ ಮಾತು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1981ರಲ್ಲಿ ಬರೆದ ಪ್ರಬಂಧ. ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ಬದುಕು ಅದರ ವಸ್ತು. ತವರು ಬಿಟ್ಟು ಕೂಡುಕುಟುಂಬಕ್ಕೆ ಬಂದ ಸೊಸೆ 'ನನಗಿಲ್ಲಿ ಕಷ್ಟ' ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಊಟ ಬಿಡುತ್ತಾಳೆ, ಸೊರಗುತ್ತಾಳೆ. ಮಡಿ ಅತಿಯಾಗುತ್ತದೆ. ಯಾರೋ ವಿಷವಿಕ್ಕಿದ್ದಾರೆಂಬ ಭಯ ಹತ್ತುತ್ತದೆ. ಒಮ್ಮೊಮ್ಮೆ ಮೈಮೇಲೆ ಬರುತ್ತದೆ. ಇವೆಲ್ಲ ಬೇರೆ ದಾರಿಯಿಲ್ಲದವರು ನೋವು ಹೇಳಿಕೊಳ್ಳುವ ರೀತಿಗಳು ಎಂದು ನಿಕ್ಟರ್ ತೋರಿಸಿದರು. ಅಡಿಕೆ ತೋಟದ ಮನೆಗಳಿಂದ ಹೊರಟ ಈ ವಿಚಾರ, ಅಮೆರಿಕದ ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಕೈಪಿಡಿಯ 2013ರ ಆವೃತ್ತಿಯಲ್ಲಿ ಸೇರಿದೆ.

ನಗರದಲ್ಲೂ ಇದೇ ಹುಡುಕಾಟ ನಡೆಯಿತು. ಮನೋವೈದ್ಯರಾದ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು ಬೆಂಗಳೂರಿನ 80 ರೋಗಿಗಳ ಜತೆ ಮಾತಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಮೈಕೈ ನೋವು ಎಂದರೆ ಎಲ್ಲರಿಗೂ ಬರುವಂಥದ್ದು. ಮನಸ್ಸು ಕುಗ್ಗಿದೆ ಎಂದರೆ ನಾಚಿಕೆ, ಮದುವೆಗೆ ಅಡ್ಡಿ. ಹಾಗಾದರೆ ಎದೆಯುರಿ, ತಲೆಭಾರ ಎನ್ನುತ್ತ ಬರುವ ಹೆಂಗಸಿಗೆ ತನ್ನ ಮನಸ್ಸು ತಿಳಿಯದು ಎನ್ನುವುದು ಅನ್ಯಾಯ. ಯಾವುದನ್ನು ಹೇಳಿದರೆ ಮನೆಯ ಮಾನ ಉಳಿಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಈ ನಡುವೆ ಆರೈಕೆ ಆಸ್ಪತ್ರೆಯ ಗೋಡೆ ದಾಟಿತ್ತು. ಅಮೃತಸರದಲ್ಲಿ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಆಸ್ಪತ್ರೆ ಆವರಣದ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ನಿಮ್ಹಾನ್ಸ್ ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಯ ಕೆಲಸ ಶುರುಮಾಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಕಟ್ಟಿದ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಸಾಧನೆ ದೊಡ್ಡದು, ಸರಪಳಿ ಕಟ್ಟಿಸಿಕೊಂಡಿದ್ದವರಿಗೆ ಮಾತ್ರೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಮಾತ್ರೆ ಹಳ್ಳಿಗೆ ತಲುಪಿದ ವೇಗದಲ್ಲಿ ಕೋಟದ ಪಾಠ ತಲುಪಲಿಲ್ಲ. ಉತ್ತರ ಪ್ರದೇಶದ ಅನುಭವ ನೋಡಿ ಸಂಶೋಧಕರಾದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಇದನ್ನೇ ಬರೆದರು: ಸಮುದಾಯದ ಮಾತು ಕೇಳಬೇಕಿದ್ದ ಕಾರ್ಯಕ್ರಮ ಔಷಧಿ ಹಂಚುವುದರಲ್ಲಿ ಕುಗ್ಗಿದೆ.

ನಮ್ಮಲ್ಲಿ ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು. ದೆವ್ವ, ಮಾಟ, ಮೈಮೇಲೆ ಬರುವುದು ಎಲ್ಲವನ್ನೂ ಓದುಗರಿಗೆ ಬೈಯದೆ ಬಿಡಿಸಿ ಹೇಳಿದರು. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದವರು ಕನ್ನಡದಲ್ಲೇ ಮಾತಾಡಬಹುದು. ಅತ್ತ ಕಡೆಯವರು 'ಗಾಳಿ ಸೋಕಿದೆ' ಎಂಬ ಮಾತಿಗೆ ತಕ್ಷಣ ಕಾಯಿಲೆಯ ಹೆಸರು ಹುಡುಕದೆ, ಯಾವಾಗಿನಿಂದ, ಮನೆಯಲ್ಲಿ ಆಗ ಏನಾಗಿತ್ತು ಎಂದು ಕೇಳಬೇಕಾದರೆ ಅವರಿಗೆ ಸಮಯ ಬೇಕು, ತರಬೇತಿಯೂ ಬೇಕು.