ಕೊರಳ ಪಟ್ಟು ಮತ್ತು ಎರಡು ತಟ್ಟು

ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಲು ಸೇರಿದ ಎರಡನೇ ವಾರವೇ ನಾನು ಎಚ್ಚರ ತಪ್ಪಿ ಬಿದ್ದೆ. ಬೆನ್ನಿಗಂಟಿಕೊಂಡಿದ್ದ ಜೊತೆಗಾರನ ತೋಳು ನನ್ನ ಗದ್ದದ ಕೆಳಗೆ ಜಾರಿತ್ತು. ಉಸಿರೇನೂ ಕಟ್ಟಲಿಲ್ಲ, ಹಾಗಾಗಿ ಇನ್ನೂ ತಡೆದುಕೊಳ್ಳಬಲ್ಲೆ ಅಂದುಕೊಂಡೆ. ಆಮೇಲೆ ಕಣ್ಣು ಬಿಟ್ಟಾಗ ಚಾವಣಿಯ ದೀಪ ಕಾಣುತ್ತಿತ್ತು. ಈ ಪಟ್ಟು ಒತ್ತುವುದು ಶ್ವಾಸನಾಳವನ್ನಲ್ಲ, ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು. ಸರಿಯಾಗಿ ಬಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ಹೋಗುತ್ತದೆ.

“ಯಾಕೆ ತಟ್ಟಲಿಲ್ಲ?” ಎಂದು ಜೊತೆಗಾರ ಕೇಳಿದ. ಸೋಲೊಪ್ಪಿಕೊಳ್ಳಲು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟಿದರೆ ಸಾಕು. ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಈ ಆಟದ ಇತಿಹಾಸ ಓದತೊಡಗಿದೆ.

ಪೋರ್ಚುಗೀಸಿನಲ್ಲಿ ಈ ಪಟ್ಟಿಗೆ ‘ಮಾತಾ ಲೆಯಾಂವ್’, ಅಂದರೆ ಸಿಂಹ ಕೊಲ್ಲುವ ಪಟ್ಟು, ಎಂದು ಹೆಸರು. ಜೂಡೋದಲ್ಲಿ ಇದೇ ‘ಹಡಕಾ ಜಿಮೆ’. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಸ್ಥಾಪಿಸಿದ ಕೊಡೊಕಾನ್ ಜೂಡೋ ಶಾಲೆಯಲ್ಲಿ ‘ಕಟಾಮೆ ನೊ ಕಟಾ’ ಎಂಬ ಕ್ರಮಬದ್ಧ ಪಾಠವೊಂದಿದೆ. ಅದರ 15 ಪಟ್ಟುಗಳಲ್ಲಿ 5 ಕೊರಳಿನವು. ಅಲ್ಲಿ ಪಟ್ಟು ಹಾಕುವವನಿಗಷ್ಟೇ ಅಲ್ಲ, ಸಿಕ್ಕಿಬಿದ್ದವನಿಗೂ ಪಾಠವಿದೆ. ಹಡಕಾ ಜಿಮೆಯಲ್ಲಿ ಅವನು ಎರಡೂ ಕೈಗಳಿಂದ ಎದುರಾಳಿಯ ತೋಳು ಹಿಡಿದು ಕೆಳಗೆಳೆಯುತ್ತಾನೆ. ಬಿಡಿಸಿಕೊಳ್ಳಲಾಗದೆ ತಟ್ಟುತ್ತಾನೆ. ಪ್ರತಿರೋಧವನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಸೋಲೊಪ್ಪುವುದನ್ನೂ ಕಲಿಸಿದ್ದಾರೆ.

ಅದೇ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರ ಪರಂಪರೆಯಿಂದ ಗ್ರೇಸಿ ಕುಟುಂಬ ತನ್ನದೇ ಶೈಲಿ ಕಟ್ಟಿಕೊಂಡಿತು. ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಗ್ರೇಸಿಗಳ ಶೈಲಿಯಲ್ಲಿ ಎಷ್ಟೋ ಸಲ ಆಟ ಶುರುವಾಗುವುದೇ ಅಲ್ಲಿಂದ. ಇಲ್ಲಿ ಸೋಲನ್ನು ನೆಲ ಹೇಳುವುದಿಲ್ಲ, ಸೋತವನೇ ಹೇಳಬೇಕು.

ಹೇಳದವರೂ ಇದ್ದರು. 1951ರ ಅಕ್ಟೋಬರ್ 23ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋಪಟು ಮಸಾಹಿಕೊ ಕಿಮುರಾ ತೋಳು ತಿರುಚಿ ಹಿಡಿದಾಗಲೂ ಹೆಲಿಯೊ ಗ್ರೇಸಿ ತಟ್ಟಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸರೇ ಪಂದ್ಯ ನಿಲ್ಲಿಸಿದರು. ಓದಿದಾಗ ಮೊದಲು ಮೈ ಜುಮ್ಮೆಂದಿತು. ಆಮೇಲೆ ಅನ್ನಿಸಿತು, ಹೆಲಿಯೊಗೆ ಅಂಚಿನಲ್ಲಿ ಅಣ್ಣನಿದ್ದ. ನನ್ನ ಪರವಾಗಿ ನಿಲ್ಲಿಸಬೇಕಾದವನು ನಾನೇ.

ಈಗಲೂ ಗದ್ದ ತಗ್ಗಿಸುತ್ತೇನೆ, ಆದರೆ ಅದೊಂದನ್ನೇ ನಂಬುವುದಿಲ್ಲ. ಕೊರಳಿನತ್ತ ಬರುವ ಆ ಒಂದು ತೋಳನ್ನು ಎರಡೂ ಕೈಗಳಿಂದ ಹಿಡಿಯುತ್ತೇನೆ. ನನ್ನ ಬೆನ್ನನ್ನು ಅವನಿಂದ ಬಿಡಿಸಿ ಚಾಪೆಗೆ ಹಚ್ಚಲು ಹೊರಳುತ್ತೇನೆ. ಪಟ್ಟು ಆಗಲೇ ಬಿಗಿದಿದ್ದರೆ ತಡಮಾಡದೆ ತಟ್ಟುತ್ತೇನೆ.

ಕಳೆದ ವಾರ ಒಂದೇ ಸಂಜೆ ಆರು ಸಲ ತಟ್ಟಿದೆ. ಏಳನೆಯ ಸಲ ಆ ತೋಳು ಗದ್ದದಡಿ ನುಸುಳುವ ಮುಂಚೆಯೇ ನನ್ನ ಕೈಗೆ ಸಿಕ್ಕಿತು.